ಮೈಕಿನ ಮುಂದೆ ಹದಿನೈದು ನಿಮಿಷ

(ಹಾಸ್ಟೆಲ್ ವಿದ್ಯಾರ್ಥಿಗಳ ಒಂದು ದಿನದ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಭಾನುವಾರ ಮೆಸ್ಸಿನ ಊಟ ಮುಗಿಸಿ ಒಂದು ನಿದ್ದೆ ತೆಗೆಯೋ ಹೊತ್ತಲ್ಲಿ ನಿಮ್ಮನ್ನ ಇಲ್ಲಿ ಕೂರಿಸಿದ್ದೀವಿ. ಬಯ್ಕೊಬೇಡಿ. ಭಾಷಣ ಹೊಡೆಯೋದಕ್ಕೆ ಬಂದಿಲ್ಲ ನಾವು. ಬರುವ ತಿಂಗಳು ನಿಮ್ಮಲ್ಲಿ ನಾಲ್ಕು ಜನ ವಿಶ್ವವಿದ್ಯಾನಿಲಯದ ಸಂಶೋಧನಾ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸೋದಕ್ಕೆ ಹೆಸರು ಕೊಟ್ಟಿದ್ದೀರಿ. ಆ ನಾಲ್ವರಲ್ಲಿ ಒಬ್ಬ ತಂಗಿ ಮೊನ್ನೆ ಬಂದು, 'ಅಣ್ಣ, ನನ್ನ ಹೆಸರು ತೆಗೆಸ್ಬಿಡಿ, ನನ್ ಕೈಲಾಗಲ್ಲ' ಅಂದಳು. ಯಾಕವ್ವಾ ಅಂತ ಕೇಳಿದ್ರೆ, 'ಅಲ್ಲಿ ಎಲ್ರೂ ಇಂಗ್ಲಿಷಲ್ಲಿ ಪ್ರಶ್ನೆ ಕೇಳ್ತಾರಂತೆ. ನಾನು ತಡವರಿಸಿದ್ರೆ ನಮ್ ಹಾಸ್ಟೆಲ್ಲಿಗೇ ಅವಮಾನ' ಅಂದಳು.

ಈ ಮಾತು ನಮ್ಮನ್ನು ಎರಡು ರಾತ್ರಿ ಕಾಡಿತು. ಬೇರೆಯವರ ಮನೆ ಹುಡುಗ ವೇದಿಕೆ ಮೇಲೆ ತಡವರಿಸಿದರೆ ಅವನೊಬ್ಬ ತಡವರಿಸಿದ ಹಾಗೆ. ಪಾಪ, ಹೊಸಬ ಅಂತಾರೆ. ನಮ್ಮ ಹುಡುಗಿ ತಡವರಿಸಿದರೆ ಇಡೀ ಕೇರಿ ತಡವರಿಸಿದ ಲೆಕ್ಕ. 'ಮೀಸಲಾತಿಯಲ್ಲಿ ಬಂದವರು ಹೀಗೇ' ಅಂತಾರೆ. ಈ ಹೊರೆಯನ್ನ ಆ ತಂಗಿಯ ತಲೆ ಮೇಲೆ ಇಟ್ಟವರು ಯಾರು ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಆದರೆ ಗೊತ್ತಿದ್ದ ಮಾತ್ರಕ್ಕೆ ಹೊರೆ ಇಳಿಯೋದಿಲ್ಲ. ಅದನ್ನ ಇಳಿಸೋ ಕೆಲಸ ಇವತ್ತಿಂದ ಶುರು ಮಾಡೋಣ ಅಂತಲೇ ಈ ಶಿಬಿರ.

ನಮ್ಮ ಸೋಲಿನ ಕತೆ

ಮೊದಲು ನಮ್ಮ ಕತೆ ಹೇಳಿಬಿಡ್ತೀವಿ. ನಾವು ಮೂರು ಜನ ಹಾಸ್ಟೆಲ್ ಹುಡುಗರು ಮೊದಲ ಸಲ ಇಂಥದೊಂದು ಸಮ್ಮೇಳನಕ್ಕೆ ಹೋಗಿದ್ದೆವು. ಯಾವ ವಿಶ್ವವಿದ್ಯಾನಿಲಯ ಅನ್ನೋದು ಬೇಡ. ತಪ್ಪು ನಮ್ಮದೂ ಇತ್ತು. ಗುತ್ತಿಗೆಯಲ್ಲಿ ಬೀದಿ ಗುಡಿಸುವ ಹೆಂಗಸರ ಕೂಲಿ ಬಗ್ಗೆ ಒಂದು ವರ್ಷ ಓಡಾಡಿ ಬರೆದಿದ್ದೆವು. ಅವರಲ್ಲಿ ನಮ್ಮ ಅವ್ವಂದಿರೂ ಇದ್ದರು. ಬೆಳಗಿನ ಜಾವ ಅವರ ಜೊತೆ ಎದ್ದು ಹೋಗಿ, ಹಾಜರಿ ಪುಸ್ತಕದಲ್ಲಿ ಏನು ಬರೀತಾರೆ, ಕೈಗೆ ಏನು ಕೊಡ್ತಾರೆ ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡಿದ್ದೆವು. ಪುಸ್ತಕದ ಕೂಲಿ ಒಂದು, ಕೈಗೆ ಬರೋ ಕೂಲಿ ಇನ್ನೊಂದು. ಇದು ನಾವು ಕಂಡ ಸತ್ಯ. ಒಟ್ಟು 32 ಪುಟ ಬರೆದೆವು. ಈ ಸತ್ಯ ಇದ್ದದ್ದು 26ನೇ ಪುಟದಲ್ಲಿ.

ಮೊದಲ ಪುಟ ಎಲ್ಲಿಂದ ಶುರು ಅಂತೀರಿ? ಋಗ್ವೇದ ಕಾಲದಿಂದ! ಯಾಕೆ? ವಿದ್ವಾಂಸರು ಹಾಗೇ ಬರೀತಾರೆ ಅಂದ್ಕೊಂಡಿದ್ದೆವು. ಅಲ್ಲಿಂದ ಬುದ್ಧ, ಬುದ್ಧನಿಂದ ಬಸವಣ್ಣ, ಬಸವಣ್ಣನಿಂದ ಬ್ರಿಟಿಷರು. ಓದುತ್ತಾ ಓದುತ್ತಾ 15 ನಿಮಿಷ ಮುಗಿದಾಗ ನಾವಿನ್ನೂ 9ನೇ ಪುಟದಲ್ಲಿದ್ದೆವು. ಅಧ್ಯಕ್ಷರು ಗಂಟೆ ಹೊಡೆದರು. 'ಸಾರ್, ಇನ್ನೊಂದೈದು ನಿಮಿಷ' ಅಂದೆವು. ಮತ್ತೆ ಗಂಟೆ ಹೊಡೆದರು. ಆಗ ಒಬ್ಬ ಪ್ರಾಧ್ಯಾಪಕರು ಎದ್ದು, ವೇದಕಾಲದ ಬಗ್ಗೆ ನೀವು ಹೇಳಿದ್ದಕ್ಕೆ ಆಧಾರ ಯಾವುದು ಅಂತ ಕೇಳಿದರು. ಆಧಾರ ನಮ್ಮ ಹತ್ರ ಇರಲಿಲ್ಲ. ಯಾವುದೋ ಗೈಡ್ ಪುಸ್ತಕದಿಂದ ಎತ್ತಿದ್ದು. ಕೂಲಿ ಬಗ್ಗೆ ಕೇಳಿದ್ದರೆ ಒಂದು ನೋಟ್‌ಬುಕ್ ತುಂಬ ಆಧಾರ ಇತ್ತು. ಆದರೆ ನಮ್ಮ ಪ್ರಬಂಧದಲ್ಲಿ ಕೂಲಿ ಅನ್ನೋ ವಿಷಯ ಇದೆ ಅಂತ ಆ ಸಭೆಗೆ ತಿಳಿಯಲೇ ಇಲ್ಲ. ಇನ್ನೊಬ್ಬರು ನಗುತ್ತಾ, 'ಭಾವನೆ ಚೆನ್ನಾಗಿದೆ, ಸಂಶೋಧನೆ ಕಲೀಬೇಕು' ಅಂದರು. ಸಭೆ ನಕ್ಕಿತು. ಟೀ ಕುಡಿಯೋದಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿಗೆ ಬಂದೆವು.

ಮುಂದಿನ ವಾರ ಊರಿಗೆ ಹೋದಾಗ ಅವ್ವ ಕೇಳಿದಳು: 'ದೊಡ್ಡೋರ ಮುಂದೆ ನಮ್ ಕೂಲಿ ವಿಚಾರ ಹೇಳಿದ್ರೇನಪ್ಪಾ? ಏನಂದ್ರು?' ನಾವು 'ಹೇಳಿದ್ವಿ ಕಣವ್ವಾ, ಎಲ್ರೂ ಕೇಳಿದ್ರು' ಅಂದೆವು. ಹೆತ್ತವಳ ಮುಂದೆ ಸುಳ್ಳು ಹೇಳಿದೆವು.

ಸಭೆ ನಕ್ಕಿದ್ದನ್ನ ಮರೆತಿದ್ದೀವಿ. ಈ ಸುಳ್ಳನ್ನ ಮರೆಯೋದಕ್ಕೆ ಆಗಿಲ್ಲ. ನಿಮ್ಮಲ್ಲಿ ಯಾರೂ ನಿಮ್ಮ ಅವ್ವನಿಗೆ ಈ ಸುಳ್ಳು ಹೇಳೋ ಹಾಗೆ ಆಗಬಾರದು.

ಒಬ್ಬ ಹಾಸ್ಟೆಲ್ ವಿದ್ಯಾರ್ಥಿ, 1916

ನಮ್ಮ ಸೋಲು ಆದ ಮೇಲೆ ನಾವು ಹುಡುಕಿ ಓದಿದ್ದು ಇನ್ನೊಬ್ಬ ಹಾಸ್ಟೆಲ್ ವಿದ್ಯಾರ್ಥಿ ಮಂಡಿಸಿದ ಪ್ರಬಂಧವನ್ನು. ಆ ವಿದ್ಯಾರ್ಥಿಯ ಫೋಟೋ ನಿಮ್ಮ ರೂಮಿನ ಗೋಡೆ ಮೇಲಿದೆ. ದಿನಾ ಕೈ ಮುಗೀತೀರಿ. ಆದರೆ ಅವರೂ ಒಂದು ಕಾಲಕ್ಕೆ ಕೈಯಲ್ಲಿ ಕಾಗದ ಹಿಡ್ಕೊಂಡು ಮೇಷ್ಟ್ರ ಮುಂದೆ ನಿಂತಿದ್ದ ವಿದ್ಯಾರ್ಥಿ ಅನ್ನೋದು ನಮಗೆ ನೆನಪಿರೋದಿಲ್ಲ.

ಬಾಬಾಸಾಹೇಬರು ನ್ಯೂಯಾರ್ಕಿಗೆ ಹೋದದ್ದು 1913ರ ಜುಲೈನಲ್ಲಿ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷದ ಅವಧಿಗೆ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಲಿವಿಂಗ್‌ಸ್ಟನ್ ಹಾಲ್ ಎಂಬ ವಿದ್ಯಾರ್ಥಿ ನಿಲಯದಲ್ಲಿ ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯನ ಜೊತೆ ವಾಸ. 1915ರಲ್ಲಿ ಎಂ.ಎ. ಆಯ್ತು. 1916ರ ಮೇ 9ರಂದು ಮಾನವಶಾಸ್ತ್ರದ ಪ್ರಾಧ್ಯಾಪಕ ಗೋಲ್ಡನ್‌ವೈಸರ್ ಅವರು ನಡೆಸುತ್ತಿದ್ದ ಸೆಮಿನಾರಿನಲ್ಲಿ ಒಂದು ಪ್ರಬಂಧ ಓದಿದರು. ಭಾರತದಲ್ಲಿ ಜಾತಿಗಳು: ಅವುಗಳ ವ್ಯವಸ್ಥೆ, ಹುಟ್ಟು ಮತ್ತು ಬೆಳವಣಿಗೆ. ಇದು ವಿಷಯ. ಆಗ ಅವರಿಗೆ 25 ವರ್ಷ. ನಿಮ್ಮಲ್ಲಿ ಕೆಲವರಿಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೇ. ಮುಂದಿನ ವರ್ಷ, 1917ರ ಮೇ ತಿಂಗಳಲ್ಲಿ, 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಆ ಪ್ರಬಂಧವನ್ನ ಪೂಜೆಗೆ ಇಟ್ಟ ಪುಸ್ತಕದ ಹಾಗೆ ನೋಡೋದು ಬೇಡ. ಬಡಗಿ ಮಗ ಅಪ್ಪ ಮಾಡಿದ ಬಾಗಿಲನ್ನ ಹೇಗೆ ನೋಡ್ತಾನೋ ಹಾಗೆ ನೋಡೋಣ. ಕೀಲು ಎಲ್ಲಿ, ಜೋಡಣೆ ಎಲ್ಲಿ, ಭಾರ ಯಾವುದರ ಮೇಲಿದೆ ಅಂತ.

ಒಂದನೆಯದು. ಕೇಳುವವರು ಅಮೆರಿಕದವರು. ಜಾತಿ ಅಂದ್ರೇನು ಅಂತ ಮೈಯಾರೆ ಗೊತ್ತಿಲ್ಲದವರು. ಬಾಬಾಸಾಹೇಬರು ಅವರಿಗೆ ಗೊತ್ತಿರೋ ಕಡೆಯಿಂದ ಶುರು ಮಾಡಿದರು. ನೀವೆಲ್ಲ ವಸ್ತು ಪ್ರದರ್ಶನಗಳನ್ನ ನೋಡಿದ್ದೀರಿ, ಮನುಷ್ಯರು ಕಟ್ಟಿಕೊಂಡ ಸಂಸ್ಥೆಗಳನ್ನೂ ಹಾಗೇ ಇಟ್ಟು ತೋರಿಸಬಹುದು, ಬನ್ನಿ ನೋಡೋಣ ಅನ್ನೋ ಧಾಟಿ. ಅವರ ಕೈ ಹಿಡಿದು ನಮ್ಮ ಬೀದಿಗೆ ಕರ್ಕೊಂಡು ಬಂದರು. ನಾವು ಮಾಡಿದ ಹಾಗೆ ವೇದಕಾಲದ ಕಾಡಿಗೆ ನುಗ್ಗಲಿಲ್ಲ.

ಎರಡನೆಯದು. ಜಾತಿ ಅನ್ನೋದು ಸಮುದ್ರ. ಅದರಲ್ಲಿ ಇಷ್ಟನ್ನು ಮಾತ್ರ ನಾನು ತಗೊಳ್ತೀನಿ ಅಂತ ಮೊದಲೇ ಗೆರೆ ಎಳೆದರು. ಗೆರೆ ಎಳೆದವನನ್ನ, ಗೆರೆಯಾಚೆ ಇರೋದನ್ನ ಯಾಕೆ ಹೇಳಲಿಲ್ಲ ಅಂತ ಯಾರೂ ಹಿಡಿಯೋದಕ್ಕೆ ಆಗೋದಿಲ್ಲ.

ಮೂರನೆಯದು. ತನಗಿಂತ ಮುಂಚೆ ಹೇಳಿದವರನ್ನ ಎದುರಿಗೆ ಕೂರಿಸ್ಕೊಂಡರು. ಫ್ರಾನ್ಸಿನ ಸೆನಾರ್, ಬ್ರಿಟಿಷ್ ಅಧಿಕಾರಿಗಳಾದ ನೆಸ್‌ಫೀಲ್ಡ್ ಮತ್ತು ರಿಸ್ಲೆ, ಮರಾಠಿ ವಿದ್ವಾಂಸ ಕೇತ್ಕರ್. ನಾಲ್ಕು ಜನ ಜಾತಿಗೆ ಏನು ಲಕ್ಷಣ ಹೇಳಿದ್ದಾರೆ ಅಂತ ಒಂದೊಂದಾಗಿ ಇಟ್ಟು ತೂಗಿದರು. ಯಾರದು ಎಷ್ಟು ಸರಿಯೋ ಅಷ್ಟನ್ನು ಒಪ್ಪಿಕೊಂಡರು. ಕೇತ್ಕರ್ ಗುರಿಯ ಹತ್ತಿರ ಬಂದಿದ್ದಾರೆ ಅಂತ ಹೇಳಿ, ಅವರು ಎರಡು ಲಕ್ಷಣ ಅಂದದ್ದು ಒಂದೇ ನಾಣ್ಯದ ಎರಡು ಮುಖ ಅಂತ ತೋರಿಸಿದರು. ಬಯ್ಯೋದು ಸುಲಭ. ಎಷ್ಟು ಸರಿ, ಎಲ್ಲಿ ತಪ್ಪು ಅಂತ ತೋರಿಸೋದಕ್ಕೆ ಓದಿರಬೇಕು.

ನಾಲ್ಕನೆಯದು. ಅವರ ಪ್ರಬಂಧದ ಮೂಲಸ್ತಂಭ ಒಂದೇ. ಜಾತಿಯ ಪ್ರಾಣ ಇರೋದು ಒಳಜಾತಿ ಮದುವೆಯಲ್ಲಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಒಂದು ಗುಂಪು ಬಾಗಿಲು ಹಾಕ್ಕೊಂಡು ತನ್ನೊಳಗೇ ಮದುವೆ ಮಾಡ್ಕೋಬೇಕಾದರೆ ಒಳಗಿನ ಗಂಡು ಹೆಣ್ಣಿನ ಲೆಕ್ಕ ಸರಿ ಹೋಗಬೇಕು. ಗಂಡ ಸತ್ತರೆ ಹೆಣ್ಣು 'ಹೆಚ್ಚುವರಿ' ಆದಳು. ಅವಳನ್ನ ಏನು ಮಾಡೋದು? ಗಂಡನ ಜೊತೆ ಸುಡು, ಇಲ್ಲಾ ತಲೆ ಬೋಳಿಸಿ ಮೂಲೆಗೆ ಕೂರಿಸು. ಹೆಂಡತಿ ಸತ್ತ ಗಂಡಿಗೆ? ಇನ್ನೂ ಮದುವೆ ವಯಸ್ಸಾಗದ ಹೆಣ್ಣುಮಗುವನ್ನ ಕಟ್ಟು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ, ಮೂರೂ ಜಾತಿಯ ಬಾಗಿಲಿಗೆ ಹಾಕಿದ ಚಿಲಕಗಳು ಅಂತ ಬಿಡಿಸಿ ತೋರಿಸಿದರು. ಹೆಣ್ಣನ್ನ ಹಿಡಿದಿಡದೆ ಜಾತಿ ನಿಲ್ಲೋದಿಲ್ಲ ಅನ್ನೋ ಮಾತು ಇದು. ನೂರು ವರ್ಷ ಕಳೆದರೂ ಆ ಪ್ರಬಂಧವನ್ನ ಓದ್ತಾ ಇದ್ದಾರೆ ಅಂದ್ರೆ ಹತ್ತು ವಿಷಯ ಹೇಳಿದ್ದಕ್ಕಲ್ಲ, ಒಂದು ವಿಷಯವನ್ನ ಬುಡದ ತನಕ ಅಗೆದದ್ದಕ್ಕೆ.

ಐದನೆಯದು, ನಮ್ಮ ಹುಡುಗರು ಗಮನವಿಟ್ಟು ಕೇಳಬೇಕಾದ್ದು. ಜಾತಿಯನ್ನ ಮನು ಒಬ್ಬನೇ ಹುಟ್ಟಿಸಿದ ಅನ್ನೋ ಮಾತನ್ನ ಬಾಬಾಸಾಹೇಬರು ಆ ಪ್ರಬಂಧದಲ್ಲಿ ಒಪ್ಪಲಿಲ್ಲ. ಜಾತಿ ಮನುವಿಗಿಂತ ಹಿಂದೆಯೇ ಇತ್ತು, ಅವನು ಇದ್ದದ್ದನ್ನ ಕಟ್ಟಳೆ ಮಾಡಿದ ಅಂದರು. ಮನುವಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲವೇ? ಇತ್ತು. ಆ ಸಿಟ್ಟನ್ನ ಅಲ್ಲೂ ಮುಚ್ಚಿಡಲಿಲ್ಲ. ಹನ್ನೊಂದು ವರ್ಷದ ಮೇಲೆ, 1927ರ ಡಿಸೆಂಬರ್ 25ರಂದು, ಮಹಾಡ್‌ನಲ್ಲಿ ಮನುಸ್ಮೃತಿಗೆ ಬೆಂಕಿ ಇಟ್ಟವರು ಅವರೇ. ಆದರೆ ಸಿಟ್ಟಿದೆ ಅಂತ ಆಧಾರ ಇಲ್ಲದ ಮಾತನ್ನ ಆಡಲಿಲ್ಲ. ಸಿಟ್ಟು ನಮ್ಮನ್ನ ಬೆಳಗಿನ ಜಾವ ಎಬ್ಬಿಸಿ ಲೈಬ್ರರಿಗೆ ಕಳಿಸಬೇಕು. ಲೈಬ್ರರಿಯಲ್ಲಿ ಕೂತ ಮೇಲೆ ಲೆಕ್ಕ ಬರೆಯೋ ಕೈ ನಡುಗಬಾರದು.

ಆರನೆಯದು. ಕೊನೆಯಲ್ಲಿ ಅವರು, ನಾನು ಹೇಳಿದ್ದೇ ಅಂತಿಮ ಅಲ್ಲ, ತಪ್ಪು ಅಂತ ತೋರಿಸಿದರೆ ಬಿಟ್ಟುಕೊಡೋದಕ್ಕೆ ಸಿದ್ಧ ಅನ್ನೋ ಅರ್ಥದ ಮಾತು ಹೇಳಿ ಮುಗಿಸಿದರು. ಗೊತ್ತಿದ್ದವನು ಮಾತ್ರ ಹೀಗೆ ಹೇಳಬಲ್ಲ. ಗೊತ್ತಿಲ್ಲದವನು ಮೇಜು ಕುಟ್ಟುತ್ತಾನೆ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಆ ಸೆಮಿನಾರಿನಲ್ಲಿ ವಿದ್ವಾಂಸರ ಮುಂದೆ ನಿಂತ ಅದೇ ಮನುಷ್ಯ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದಾಗ ಮಲಗೋದಕ್ಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಉಳಿದುಕೊಂಡರೆ ಅಲ್ಲಿಂದಲೂ ಹೊರಗೆ ಹಾಕಿದರು. ಆದ್ದರಿಂದ, ಒಂದು ಪ್ರಬಂಧ ಚೆನ್ನಾಗಿ ಓದಿಬಿಟ್ಟರೆ ಜಗತ್ತು ನಮ್ಮನ್ನ ಅಪ್ಪಿಕೊಳ್ಳುತ್ತೆ ಅನ್ನೋ ಭ್ರಮೆ ಯಾರಿಗೂ ಬೇಡ. ಪ್ರಬಂಧ ಒಂದು ಆಯುಧ. ಆಯುಧ ಮಾಡಿಟ್ಟುಕೊಂಡ ದಿನವೇ ಗೆದ್ದ ಹಾಗಲ್ಲ.

ಹೋಗೋಕೆ ಮುಂಚೆ

ಈಗ ನಿಮ್ಮ ಕೆಲಸಕ್ಕೆ ಬರೋಣ. ನೋಟ್‌ಬುಕ್ ತೆಗೀರಿ.

ಎಲ್ಲಿಗೆ ಹೋಗ್ತೀರಿ ಅಂತ ಮೊದಲು ನೋಡಿ. ದಿನಕ್ಕೊಂದು 'ಅಂತರರಾಷ್ಟ್ರೀಯ ಸಮ್ಮೇಳನ' ಅಂತ ಮೊಬೈಲಿಗೆ ಬರುತ್ತೆ. ದುಡ್ಡು ಕಟ್ಟು, ಸರ್ಟಿಫಿಕೇಟು ತಗೋ. ಪ್ರಬಂಧವನ್ನ ಓದೋರೂ ಇಲ್ಲ, ಕೇಳೋರೂ ಇಲ್ಲ. ಅದು ಅಂಗಡಿ. ಯಾವ ವಿಭಾಗ ನಡೆಸ್ತಾ ಇದೆ, ಸಾರಲೇಖವನ್ನ ಯಾರು ಓದಿ ಆರಿಸ್ತಾರೆ, ಹೋದ ವರ್ಷ ಹೋದವರು ಏನಂತಾರೆ ಅಂತ ವಿಚಾರಿಸಿ. ಸರಿಯಾದ ಕಡೆಯೇ ಆದರೂ ನೋಂದಣಿ ಶುಲ್ಕ ಭಾರ ಅನ್ನಿಸಿದರೆ, 'ನಾವು ವಿದ್ಯಾರ್ಥಿವೇತನದಲ್ಲಿ ಓದೋರು, ಶುಲ್ಕದಲ್ಲಿ ವಿನಾಯಿತಿ ಇದೆಯೇ' ಅಂತ ಪತ್ರ ಬರೆದು ಕೇಳಿ. ಕೇಳೋದು ಭಿಕ್ಷೆ ಅಲ್ಲ. ನಿಮ್ಮ ವಿಭಾಗದ ಮುಖ್ಯಸ್ಥರಿಗೂ ಒಂದು ಅರ್ಜಿ ಕೊಡಿ. ಏನೂ ಸಿಗದಿದ್ದರೆ ಬಸ್ ಚಾರ್ಜಿಗೆ ನಾವೇ ಹತ್ತು ಹತ್ತು ರೂಪಾಯಿ ಎತ್ತೋಣ. ಬಸ್ ಚಾರ್ಜಿಲ್ಲ ಅಂತ ಯಾರೂ ಉಳಿಯಬಾರದು.

ಸಾರಲೇಖ. ಸಾಮಾನ್ಯವಾಗಿ 250-300 ಪದ ಕೇಳ್ತಾರೆ. ಇದೇ ಬಾಗಿಲು. ಇಲ್ಲಿ ತಡೆದರೆ ಒಳಗೆ ಹೋಗೋ ಮಾತೇ ಇಲ್ಲ. ನಾಲ್ಕು ಮಾತು ಹೇಳಿದರೆ ಸಾಕು. ನಾವು ಕೇಳಿಕೊಂಡ ಪ್ರಶ್ನೆ ಏನು? ಉತ್ತರ ಹುಡುಕೋಕೆ ಎಲ್ಲಿಗೆ ಹೋದೆವು, ಯಾರನ್ನ, ಎಷ್ಟು ಜನರನ್ನ ಕೇಳಿದೆವು? ಏನು ಸಿಕ್ಕಿತು? ಸಿಕ್ಕಿದ್ದರಿಂದ ಏನು ತಿಳೀತು? 'ಅನಾದಿ ಕಾಲದಿಂದಲೂ' ಅಂತ ಶುರು ಮಾಡಿದರೆ ಆ ಸಾಲನ್ನ ಅಲ್ಲೇ ಹೊಡೆದು ಹಾಕಿ.

ಅಳತೆ ಮೀರಿ ಹೇಳಬೇಡಿ. ಒಂದು ತಾಲ್ಲೂಕಿನ ಮೂರು ಹಟ್ಟಿಗಳನ್ನ ನೋಡಿದ್ದರೆ 'ಮೂರು ಹಟ್ಟಿಗಳು' ಅನ್ನಿ. 'ಕರ್ನಾಟಕದ ದಲಿತರು' ಅನ್ನಬೇಡಿ. ಅರವತ್ತು ಮನೆ ಕೇಳಿದ್ದರೆ ಅರವತ್ತು. ನೂರು ಅಂತ ದುಂಡಗೆ ಮಾಡಿದಿರೋ, ಅಲ್ಲೇ ಸಿಕ್ಕಿಬೀಳ್ತೀರಿ. ಎದುರಿಗಿರೋರು ಕಾಯ್ತಾ ಇರೋದೇ ಅದಕ್ಕೆ. ಚಿಕ್ಕದನ್ನ ಗಟ್ಟಿಯಾಗಿ ಹೇಳಿದರೆ ಅದನ್ನ ಅಲ್ಲಾಡಿಸೋದು ಕಷ್ಟ.

ಬೇರೆಯವರ ಸಾಲು ಎತ್ತಿದರೆ ಅವರ ಹೆಸರು ಹಾಕಿ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ನಿಯಮವನ್ನೇ ಮಾಡಿತು. ನಿಯಮ ಇರಲಿ, ನಮ್ಮ ಬೆವರನ್ನ ಬೇರೆಯವರು ಕದ್ದಾಗ ಹೊಟ್ಟೆ ಉರಿಯುತ್ತಲ್ಲ, ಆ ಕೆಲಸ ನಾವು ಮಾಡಬಾರದು. ಈಗ ಮೊಬೈಲಿಗೆ ಕೇಳಿದರೆ ಇಡೀ ಪ್ರಬಂಧ ಬರೆದುಕೊಡುತ್ತೆ ಅಂತೀರಿ. ಕೊಡಬಹುದು. ಆದರೆ ನಿಮ್ಮ ಹಟ್ಟಿಯ ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬರುತ್ತೆ ಅಂತ ಅದು ಹೋಗಿ ನೋಡಿಲ್ಲ. ನೋಡಿರೋರು ನೀವು. ಹಾಗೇ, ನಾಲ್ಕು ಜನ ಸೇರಿ ಕೆಲಸ ಮಾಡಿದ್ದರೆ ನಾಲ್ಕು ಜನದ ಹೆಸರೂ ಬರಲಿ. ಯಾರ ಹೆಸರು ಮೊದಲು ಅನ್ನೋದನ್ನ ಗೈಡಿನ ಹತ್ರ ಮೊದಲೇ ಕೂತು ಮಾತಾಡಿ. ಆಮೇಲೆ ಗೊಣಗಿ ಪ್ರಯೋಜನ ಇಲ್ಲ.

ಇದೆಲ್ಲಕ್ಕಿಂತ ಜವಾಬ್ದಾರಿಯ ಮಾತು ಒಂದಿದೆ. ನಾವು ಬರೆಯೋದು ನಮ್ಮ ಜನರ ಬಗ್ಗೆ. ನೀವು ಮಂಡಿಸಿ, ಚಪ್ಪಾಳೆ ತಗೊಂಡು ಹಾಸ್ಟೆಲ್ಲಿಗೆ ಬರ್ತೀರಿ. ನಿಮಗೆ ನಿಜ ಹೇಳಿದ ಆ ಅವ್ವ ನಾಳೆ ಬೆಳಿಗ್ಗೆ ಅದೇ ಗುತ್ತಿಗೆದಾರನ ಹತ್ರ ಕೆಲಸಕ್ಕೆ ಹೋಗಬೇಕು. ಆ ಅಣ್ಣ ಅದೇ ಗೌಡರ ಹೊಲದ ಬದುವಿನ ಮೇಲೆ ನಡೀಬೇಕು. ಅವರ ಹೆಸರು, ಮನೆ ಗುರುತು, ಫೋಟೋ ನಿಮ್ಮ ಪರದೆ ಮೇಲೆ ಬಂದರೆ ಏಟು ಬೀಳೋದು ಅವರಿಗೆ. ಕೇಳುವಾಗಲೇ 'ಇದನ್ನ ಇಂಥ ಕಡೆ ಹೇಳ್ತೀವಿ, ಹೇಳಲಾ?' ಅಂತ ಒಪ್ಪಿಗೆ ತಗೊಳ್ಳಿ. ಹೆಸರು ಬದಲಿಸಿ. ಹೆಸರು ಬದಲಿಸಿದರೂ ಗುರುತು ಹತ್ತೋ ಹಾಗಿದ್ದರೆ ಆ ವಿವರವನ್ನೇ ಬಿಡಿ. ನಮ್ಮ ಪದವಿಗೆ ಅವರ ಅನ್ನ ಬಲಿ ಆಗಬಾರದು.

ಕೈಬರಹದಿಂದ ಬಾಯಿಗೆ

ಬರೆದ ಪ್ರಬಂಧ ಬೇರೆ, ಆಡುವ ಮಾತು ಬೇರೆ. ಕನ್ನಡದಲ್ಲಿ ನಿಧಾನವಾಗಿ, ಬಿಡಿಸಿ ಓದಿದರೆ ನಮ್ಮ ಅಂದಾಜಿಗೆ ನಿಮಿಷಕ್ಕೆ 90-100 ಪದ. ನಿಮಗೆ 15 ನಿಮಿಷ ಕೊಟ್ಟಿದ್ದರೆ 12 ನಿಮಿಷಕ್ಕೆ ಸಿದ್ಧ ಮಾಡಿ. ಮುಂಚಿನವರು ನಿಮ್ಮ ಹೊತ್ತನ್ನ ತಿಂದಿರ್ತಾರೆ, ಮೈಕು ಕೈ ಕೊಡುತ್ತೆ. ಅಂದರೆ 1100-1200 ಪದ. ಅದಕ್ಕಿಂತ ಹೆಚ್ಚಿಗೆ ಇದ್ದದ್ದೆಲ್ಲ ಬರೆದ ಪ್ರಬಂಧದಲ್ಲಿ ಇರಲಿ, ಬಾಯಲ್ಲಿ ಬೇಡ. ನೀವು ಕಂಡ ಸತ್ಯ ಯಾವುದೋ ಅದು ಮೊದಲ ಎರಡು ನಿಮಿಷದಲ್ಲಿ ಬಂದುಬಿಡಬೇಕು. ಆಮೇಲೆ ಗಂಟೆ ಹೊಡೆದರೂ ಹೊಡೆಯಲಿ. 26ನೇ ಪುಟಕ್ಕೆ ಕಾಯಬೇಡಿ, ನಾವು ಕಾದು ಕೆಟ್ಟೆವು.

ಕನ್ನಡದಲ್ಲೋ ಇಂಗ್ಲಿಷಲ್ಲೋ? ನಡೆಸುವವರನ್ನ ಮೊದಲೇ ಕೇಳಿ, ಉತ್ತರವನ್ನ ಬರಹದಲ್ಲಿ ಇಟ್ಕೊಳ್ಳಿ. ಕನ್ನಡ ಆಗುತ್ತೆ ಅಂದರೆ ತಲೆ ಎತ್ತಿ ಕನ್ನಡದಲ್ಲೇ ಹೇಳಿ. ಇಂಗ್ಲಿಷೇ ಬೇಕು ಅಂದರೆ ಮೊದಲು ಕನ್ನಡದಲ್ಲಿ ಬರೆದು, ಚಿಕ್ಕ ಚಿಕ್ಕ ವಾಕ್ಯದ ಇಂಗ್ಲಿಷ್ ಮಾಡ್ಕೊಳ್ಳಿ. ನಾಲಿಗೆಗೆ ಬಾರದ ಪದ ಹಾಕಬೇಡಿ. ಬಾಬಾಸಾಹೇಬರು ಇಂಗ್ಲಿಷ್ ಕಲಿತರು, ಅದನ್ನ ಆಯುಧ ಮಾಡ್ಕೊಂಡರು. ನಾವೂ ಕಲಿಯೋಣ. ಆದರೆ ಕಲಿಯೋ ತನಕ ಬಾಯಿ ಮುಚ್ಚಿಕೊಂಡಿರಬೇಕು ಅಂತ ಯಾರೂ ಕಟ್ಟಳೆ ಮಾಡಿಲ್ಲ.

ಪರದೆ ಮೇಲೆ ತೋರಿಸೋ ಸ್ಲೈಡು ಎಂಟೋ ಹತ್ತೋ ಸಾಕು. ಒಂದರಲ್ಲಿ ಒಂದೇ ಮಾತು. ಕೊನೇ ಬೆಂಚಿನವನಿಗೂ ಕಾಣೋ ಅಕ್ಷರ. ನುಡಿ, ಬರಹದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷಿನ ಚಿಕ್ಕಿ ಕಡ್ಡಿ ಕಾಣುತ್ತೆ. ಎಷ್ಟೋ ಹುಡುಗರು ಅಲ್ಲೇ ಬೆವತು ಹೋಗಿದ್ದಾರೆ. ಯೂನಿಕೋಡಿನಲ್ಲಿ ಟೈಪ್ ಮಾಡಿ. ಪಿಡಿಎಫ್ ಮಾಡಿ. ಪೆನ್‌ಡ್ರೈವಲ್ಲೂ ಇರಲಿ, ಮೇಲಲ್ಲೂ ಇರಲಿ, ಕೈಯಲ್ಲಿ ಕಾಗದದ ಪ್ರತಿಯೂ ಇರಲಿ. ಕರೆಂಟು ಹೋದರೂ ನಿಮ್ಮ ಮಾತು ನಿಲ್ಲಬಾರದು.

ಆಮೇಲೆ ಅಭ್ಯಾಸ. ಒಂದು ಸಲ ಒಬ್ಬರೇ ಗೋಡೆಗೆ ಹೇಳಿ. ಎರಡನೇ ಸಲ ರೂಮ್‌ಮೇಟಿಗೆ, ಮೊಬೈಲಲ್ಲಿ ಗಡಿಯಾರ ಇಟ್ಟು. ಮೂರನೇ ಸಲ ಮೆಸ್ಸಿನಲ್ಲಿ ಎಲ್ಲರ ಮುಂದೆ. ಅಡುಗೆ ಮಾಡೋ ಅಕ್ಕಂದಿರನ್ನೂ ಕರೀರಿ. ಅವರಿಗೆ ತಿಳಿಯದೇ ಹೋದರೆ ತಪ್ಪು ಅವರದಲ್ಲ, ನಮ್ಮ ವಾಕ್ಯದ್ದು.

ಪ್ರಶ್ನೆ ಕೇಳಿದಾಗ

ತಂಗಿ ಹೆದರಿದ್ದು ಇದಕ್ಕೆ. ಪ್ರಶ್ನೆ ಕೇಳೋರಲ್ಲಿ ಮೂರು ಬಗೆ. ನಿಜವಾಗಿ ತಿಳಿಯೋಕೆ ಕೇಳೋರು ಒಂದು ಬಗೆ. ಇವರು ನಮ್ಮ ಗೆಳೆಯರು, ಇವರ ಪ್ರಶ್ನೆಯಿಂದ ಮುಂದಿನ ಪ್ರಬಂಧ ಹುಟ್ಟುತ್ತೆ. ತಮಗೆ ಗೊತ್ತಿರೋದನ್ನ ಸಭೆಗೆ ತೋರಿಸೋಕೆ ಎದ್ದು ನಿಲ್ಲೋರು ಇನ್ನೊಂದು ಬಗೆ. ಇವರಿಗೆ ಉತ್ತರ ಬೇಕಿಲ್ಲ. 'ಒಳ್ಳೇ ಸೂಚನೆ ಸಾರ್, ಬರೆದುಕೊಂಡೆ' ಅಂದರೆ ಕೂತ್ಕೊಳ್ತಾರೆ. ಮೂರನೇ ಬಗೆಯವರು ನಮ್ಮನ್ನ ಕೂರಿಸೋಕೆ ಎದ್ದವರು. 'ಇದು ಸಂಶೋಧನೆಯೋ, ನಿಮ್ಮ ಆತ್ಮಕತೆಯೋ' ಅಂತಾರೆ. 'ನೀವು ಅದೇ ಜಾತಿಯವರು, ನಿಷ್ಪಕ್ಷಪಾತವಾಗಿ ಹೇಗೆ ಬರೀತೀರಿ' ಅಂತಾರೆ. ಅಗ್ರಹಾರದ ಬಗ್ಗೆ ಅಗ್ರಹಾರದವರು ಬರೆದಾಗ ಈ ಪ್ರಶ್ನೆ ಯಾಕೆ ಏಳಲಿಲ್ಲ ಅಂತ ಬಾಯಿಗೆ ಬರುತ್ತೆ. ಬರಲಿ, ತಪ್ಪಿಲ್ಲ. ಆದರೆ ಅದಕ್ಕೆ ಮೊದಲು ನೋಟ್‌ಬುಕ್ ತೋರಿಸಿ: 'ನಾವು ಇಷ್ಟು ಮನೆ ಕೇಳಿದ್ದೀವಿ. ಪ್ರಶ್ನೆಗಳು ಇವು. ಉತ್ತರಗಳು ಇವು. ಇದೇ ಪ್ರಶ್ನೆ ತಗೊಂಡು ತಾವೂ ಹೋಗಿ ಕೇಳಬಹುದು.' ಇದಕ್ಕೆ ಎದುರು ಮಾತಾಡೋದು ಯಾರಿಗೂ ಸುಲಭ ಅಲ್ಲ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. 'ಅಷ್ಟು ದೂರ ನಾವು ನೋಡಿಲ್ಲ, ನೋಡ್ತೀವಿ' ಅನ್ನೋದು ಸೋಲಲ್ಲ. ಪ್ರಶ್ನೆ ಅರ್ಥವಾಗದಿದ್ದರೆ 'ದಯವಿಟ್ಟು ಕನ್ನಡದಲ್ಲಿ ಇನ್ನೊಮ್ಮೆ ಕೇಳಿ' ಅನ್ನಿ. ಬಾಬಾಸಾಹೇಬರು 1922ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಮೇಲೆ ಡಿ.ಎಸ್‌ಸಿ. ಪ್ರಬಂಧ ಒಪ್ಪಿಸಿದಾಗ ಪರೀಕ್ಷಕರು ತಿದ್ದಿ ತರೋದಕ್ಕೆ ಹೇಳಿದರು. ಅವರು ತಿದ್ದಿದರು, 1923ರಲ್ಲಿ ಮತ್ತೆ ಒಪ್ಪಿಸಿದರು, ಪದವಿ ಪಡೆದರು. ಅವರ ಪ್ರೊಫೆಸರ್ ಎಡ್ವಿನ್ ಕ್ಯಾನನ್ ಆ ಪುಸ್ತಕಕ್ಕೆ ಮುನ್ನುಡಿ ಬರೆದು, ಅದರಲ್ಲೇ ತಮ್ಮ ಭಿನ್ನಾಭಿಪ್ರಾಯವನ್ನೂ ಹೇಳಿದರು. ಒಪ್ಪದೇ ಇರೋದು ಅವಮಾನ ಮಾಡಿದ ಹಾಗಲ್ಲ. ಎರಡರ ನಡುವಿನ ಗೆರೆಯನ್ನ ನಾವು ಕಾಣಬೇಕು.

ಆದರೆ ಜಾತಿ ಎತ್ತಿ ಆಡಿದರೆ? ಆಗ ಅದು ಪ್ರಶ್ನೆ ಅಲ್ಲ. ಯಾರೂ ಒಬ್ಬರೇ ಹೋಗಬೇಡಿ ಅಂತ ನಾವು ಹೇಳೋದು ಇದಕ್ಕೇ. ಜೊತೆಗಿದ್ದವರು ಆ ಮಾತನ್ನ, ಹೊತ್ತನ್ನ, ಆಡಿದವರ ಹೆಸರನ್ನ ಅಲ್ಲೇ ಬರೆದುಕೊಳ್ಳಲಿ. ಅಧ್ಯಕ್ಷರಿಗೆ ಅಲ್ಲೇ ಹೇಳಿ, ಆಮೇಲೆ ಬರಹದಲ್ಲಿ ಕೊಡಿ. ಎಲ್ಲರೂ ಸೇರಿ ನಿಲ್ಲೋಣ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲನನ್ನ ಕಳಕೊಂಡೆವು. ಅವನೂ ಸಂಶೋಧನಾ ವಿದ್ಯಾರ್ಥಿ. ನೋವನ್ನ ಒಬ್ಬರೇ ನುಂಗಿಕೊಂಡು ರೂಮಿನ ಬಾಗಿಲು ಹಾಕ್ಕೊಳ್ಳೋದು ಬೇಡ. ನಮ್ಮ ಬಾಗಿಲು ಯಾವ ಹೊತ್ತಿಗೂ ತಟ್ಟಿ.

ವೇದಿಕೆ ಸಿಗದಿದ್ದರೆ

ಕೊನೆಯದಾಗಿ ಒಂದು ಮಾತು. ಸಾರಲೇಖ ವಾಪಸು ಬರಬಹುದು. 'ಇದನ್ನ ತೆಗೆದರೆ ಅವಕಾಶ ಕೊಡ್ತೀವಿ' ಅಂತಲೂ ಅನ್ನಬಹುದು. ವ್ಯಾಕರಣ ತಿದ್ದಿ ಅಂದರೆ ತಿದ್ದಿ. ಆಧಾರ ಸೇರಿಸಿ ಅಂದರೆ ಸೇರಿಸಿ, ಧನ್ಯವಾದ ಹೇಳಿ. ಆದರೆ ಕಂಡ ಸತ್ಯವನ್ನೇ ತೆಗೆಯಿರಿ ಅಂದರೆ 1936ನ್ನು ನೆನೆಸ್ಕೊಳ್ಳಿ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ತಮ್ಮ ಸಮ್ಮೇಳನದ ಅಧ್ಯಕ್ಷತೆಗೆ ಬಾಬಾಸಾಹೇಬರನ್ನ ಕರೆದರು. ಬರೆದ ಭಾಷಣ ನೋಡಿ ಗಾಬರಿಯಾಗಿ ಬದಲಿಸಿ ಅಂದರು. ಅವರು ಬದಲಿಸಲಿಲ್ಲ. ಸಮ್ಮೇಳನವೇ ರದ್ದಾಯಿತು. ಆಗ ಬಾಬಾಸಾಹೇಬರು ಏನು ಮಾಡಿದರು? ತಮ್ಮದೇ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಖರ್ಚಾಯಿತು. ಆಡಲು ಬಿಡದ ಆ ಭಾಷಣವೇ ಇವತ್ತು ನಾವು ಓದುವ 'ಜಾತಿ ವಿನಾಶ'. ಆ ಸಮ್ಮೇಳನ ನಡೆದಿದ್ದರೆ ಎಷ್ಟು ಜನ ಕೇಳ್ತಿದ್ದರೋ, ಅದಕ್ಕಿಂತ ಎಷ್ಟು ಪಟ್ಟು ಜನ ಓದಿದ್ದಾರೋ ಲೆಕ್ಕ ಇಟ್ಟವರಿಲ್ಲ. ನಮ್ಮ ಹತ್ರ ಅಚ್ಚಿನ ಮನೆ ಇಲ್ಲ. ಈ ಪತ್ರಿಕೆಯಿದೆ. ಮಸಿ ಮೆತ್ತಿದ ಹಾಳೆಯಾದರೂ ನಮ್ಮದೇ ಹಾಳೆ. ನಿಮ್ಮ ಪ್ರಬಂಧಕ್ಕೆ ಇಲ್ಲಿ ಜಾಗ ಇದ್ದೇ ಇದೆ.

ಮಂಡಿಸಿ ಬಂದ ಮೇಲೂ ಕೆಲಸ ಮುಗಿಯೋದಿಲ್ಲ. ಎರಡು ಪುಟದಲ್ಲಿ, ಆಡುಮಾತಿನಲ್ಲಿ ಬರೆದು, ನಿಮಗೆ ಉತ್ತರ ಕೊಟ್ಟ ಹಟ್ಟಿಗೆ ತಗೊಂಡು ಹೋಗಿ ಓದಿ ಹೇಳಿ. ಅವರು 'ಇಲ್ಲ ಕಣಪ್ಪಾ, ಇದು ಹಿಂಗಲ್ಲ' ಅಂದರೆ ತಿದ್ದಿಕೊಳ್ಳಿ. ಅವರಿಗಿಂತ ದೊಡ್ಡ ಪರೀಕ್ಷಕರು ನಮಗಿಲ್ಲ. ನಾವು ಸೋತು ಬಂದ ಮರುವರ್ಷ ಆ 32 ಪುಟವನ್ನ 8 ಪುಟ ಮಾಡಿದೆವು. ವೇದಕಾಲ ಹೋಯಿತು, ಕೂಲಿ ಮೊದಲಿಗೆ ಬಂತು. ಇನ್ನೊಂದು ಕಡೆ ಮಂಡಿಸಿದೆವು. ಸಭೆಯಲ್ಲಿ ಇದ್ದವರು ಹೆಚ್ಚಿಲ್ಲ, ಆದರೆ ಇದ್ದವರು ಕೂಲಿ ಬಗ್ಗೆಯೇ ಕೇಳಿದರು. ಆ ಸಲ ಅವ್ವ ಕೇಳಿದಾಗ 'ಹೇಳಿದ್ವಿ ಕಣವ್ವಾ' ಅಂದದ್ದು ನಿಜವೇ ಆಗಿತ್ತು.

ತಂಗೀ, ನಿನ್ನ ಹೆಸರನ್ನ ನಾವಿನ್ನೂ ತೆಗೆಸಿಲ್ಲ. ತೆಗೆಸೋದೋ ಬಿಡೋದೋ ನಿನಗೆ ಬಿಟ್ಟದ್ದು, ಬಲವಂತ ಇಲ್ಲ. ಬುಧವಾರ ರಾತ್ರಿ ಊಟ ಆದ ಮೇಲೆ ಮೆಸ್ಸಿನಲ್ಲಿ ನಾಲ್ಕೂ ಜನದ ಮೊದಲ ಅಭ್ಯಾಸ. ಗಡಿಯಾರ ನಾವು ತರ್ತೀವಿ. ಪ್ರಶ್ನೆ ಕೇಳೋರೂ ನಾವೇ. ಅಲ್ಲಿ ಎಷ್ಟು ಬೇಕಾದರೂ ತಡವರಿಸು. ತಡವರಿಸೋದೆಲ್ಲ ಅಲ್ಲೇ ಮುಗಿದುಹೋಗಲಿ. ಆಮೇಲೆ ಗುರುವಾರ ಬೆಳಿಗ್ಗೆ ಹೇಳು.

ಜೈಭೀಮ್.